ಕ್ರಾಸಿನಿಂದ ಒಳಗೆ

ಹನ್ನೊಂದು ವರ್ಷ ಕೂಗಿದ್ದೇನೆ ಈ ಹೆಸರನ್ನು:
ಅತ್ತಿಗುಳಿ ಕ್ರಾಸ್, ಯಾರ್ರೀ ಅತ್ತಿಗುಳಿ,
ಬಾಗಿಲ ಹತ್ರ ಬನ್ನಿ, ಬೇಗ ಇಳೀರಿ.
ಮೂಟೆ ಇಳಿಯುತ್ತದೆ, ಕೋಳಿ ಇಳಿಯುತ್ತದೆ,
ಅವುಗಳ ಹಿಂದೆ ಜನ.
ಸೀಟಿ ಊದುತ್ತೇನೆ.
ಹಿಂದಿನ ಗಾಜಿನಲ್ಲಿ ಅವರು ಗುಡ್ಡದ ಕಡೆ ತಿರುಗಿ
ಸಣ್ಣಗಾಗುತ್ತಾರೆ.
ನನಗೆ ಗೊತ್ತಿದ್ದ ಅತ್ತಿಗುಳಿ ಅಷ್ಟೇ,
ಒಂದು ವಾಲಿದ ಕೈಮರ, ಹದಿನೆಂಟು ರೂಪಾಯಿ.

ಇವತ್ತು ವಾರದ ರಜೆ.
ಸಕಲೇಶಪುರದಿಂದ ಮೊದಲ ಗಾಡಿ ಹತ್ತಿ
ಡ್ಯೂಟಿಯಲ್ಲಿದ್ದ ಚಂದ್ರಯ್ಯನಿಗೆ ಹೇಳಿದೆ, ಅತ್ತಿಗುಳಿ.
ಅಲ್ಲೇನಿದೆ ಮಾರಾಯ ನಿನಗೆ, ಎಂದ.
ಗೊತ್ತಿದ್ದರೆ ಹೋಗುತ್ತಿರಲಿಲ್ಲ.

ಮೊದಲ ಏರು ನೇರ ಎದೆಗೇ ಬಂತು.
ಓಡುವ ನೆಲದ ಮೇಲೆ ನಿಲ್ಲಲು ಕಲಿತ ಕಾಲು
ನಿಂತ ನೆಲದ ಮೇಲೆ ನಡೆಯಲು ತಡವರಿಸಿತು.
ಹೋದ ತಿಂಗಳು ಬೆಂಕಿ ಬಿದ್ದ ಬೋರೆ, ಇದ್ದಿಲ ಕಪ್ಪು,
ಕಪ್ಪಿನೊಳಗೆ ಸೂಜಿಮೊನೆಯಷ್ಟು ಹಸಿರು,
ಅದನ್ನೇ ಹೆಕ್ಕಿ ಹೆಕ್ಕಿ ತಿನ್ನುವ ಎರಡು ಕರು.
ದಾರಿ ನಡುವೆ ಆನೆ ಲದ್ದಿ.
ಕಡ್ಡಿಯಲ್ಲಿ ಕೆದಕಿದೆ. ಬೈನೆಯ ನಾರು, ಬಿಸಿ ಇಲ್ಲ.
ನಿನ್ನೆಯದು.
ನಿನ್ನೆಯದೇ, ಎಂದು ಮತ್ತೆರಡು ಸಲ ಹೇಳಿಕೊಂಡೆ, ಜೋರಾಗಿ.

ಉಣುಗೋಲು ಸರಿಸಿ ಒಳಗೆ ಕಾಲಿಟ್ಟರೆ ಏಳು ಮನೆ.
ನಾಯಿಗೆ ನನ್ನ ಪರಿಚಯವಿಲ್ಲ, ಬೈಯಿತು.
ಟಾರ್ಪಾಲಿನ ಮೇಲೆ ಮೆಣಸು ಹರವುತ್ತಿದ್ದ ಹೆಂಗಸು
ಆನೆ ಲೆಕ್ಕದೋರಾ, ಎಂದಳು. ಅಲ್ಲ.
ಕರೆಂಟಿನೋರಾ? ಅಲ್ಲ.
ನಡೆಯೋಕೆ ಬಂದೆ.
ಬಸ್ ಬಿಟ್ಬುಟ್ಟಾ, ಎಂದು ನಕ್ಕಳು, ಮೆಣಸೆಲ್ಲ ನಕ್ಕ ಹಾಗೆ ಉರುಳಿತು.
ಜಗಲಿಯಿಂದ ಪಾಸಿನ ಹುಡುಗಿ ಶಮೀನಾ:
ಅಮ್ಮಾ, ಕಂಡಕ್ಟ್ರು! ಬಣ್ಣದ ಅಂಗಿ ಹಾಕ್ಕೊಂಡವ್ರೆ!
ಆಮೇಲೆ ನೀರು ಬಂತು, ಬೆಲ್ಲ ಬಂತು.
ಬಾಗಿಲ ಪಕ್ಕ ಒಂದು ಗ್ರೈಂಡರು.
ಅದಕ್ಕೆ ಲಗೇಜು ಹರಿದವನು ನಾನೇ,
ಎರಡು ಮಾತು ಆಡಿದವನೂ.
ಯಾರು ಹೊತ್ತು ತಂದರು ಇಲ್ಲಿಯವರೆಗೆ, ಕೇಳಲಿಲ್ಲ.
ಬೆಲ್ಲ ಕಚ್ಚಿದೆ.

ಅಲ್ಲಿಂದ ಮುಂದೆ ಇಳಿಜಾರು, ಹಳ್ಳ, ಸಂಕ,
ಮತ್ತೆ ಮೂರು ಮನೆ, ಒಂದಕ್ಕೂ ನನ್ನ ಬಾಯಲ್ಲಿ ಹೆಸರಿಲ್ಲ.
ಬಿಸಿಲು ನೆತ್ತಿ ದಾಟಿತ್ತು.
ಕೊನೆಯ ಮನೆಯ ಬೆಟ್ಟಯ್ಯ ನನ್ನ ನೋಡಿದ್ದೇ
ಕೈ ಎತ್ತಿ, ನಿಲ್ಲಿ ಅಂತ ಬಸ್ಸಿಗೆ ಹಿಡಿದ ಹಾಗೆ,
ಒಳಗೆ ಹೋದ.
ಕ್ಯಾಲೆಂಡರಿನ ಮೊಳೆಯಿಂದ ಬಿಡಿಸಿ ತಂದ ಚೀಟಿ,
ಮುಂದೆ ಅಚ್ಚಾದದ್ದೆಲ್ಲ ಹಾರಿಹೋಗಿ ಬೆಳ್ಳಗೆ,
ಹಿಂದೆ ನನ್ನ ಪೆನ್ನು, ನನ್ನ ಸೊಟ್ಟ ಅಂಕಿ: ೧೨.
ಇಳಿಯುವಾಗ ಇಸ್ಕೊಳ್ಳಿ ಅಂದ್ರಿ. ನೀವು ಸೀಟಿ ಊದ್ಬುಟ್ರಿ.
ಸಿಟ್ಟಿರಲಿಲ್ಲ ದನಿಯಲ್ಲಿ. ಹವಾಮಾನ ಹೇಳುವ ಹಾಗೆ ಹೇಳಿದ.
ಯಾವ ವರ್ಷ?
ಹಸು ಸತ್ತ ವರ್ಷ.

ಜೇಬಿನಲ್ಲಿ ಇಪ್ಪತ್ತರ ನೋಟು ಒಂದೇ.
ತಗೊಳ್ಳಿ, ಇರಲಿ, ಎಂದೆ.
ಇರಲಿ ಅನ್ನಕ್ಕೆ ನಾನ್ಯಾರು, ಎಂದ. ಡಬ್ಬಿ ತಡಕಿದ, ಮಾಡು ತಡಕಿದ,
ಎಂಟು ರೂಪಾಯಿ ಚಿಲ್ಲರೆ ಆ ಗುಡ್ಡದಲ್ಲೆಲ್ಲೂ ಇರಲಿಲ್ಲ.
ಕೊನೆಗೆ ನನ್ನದೇ ಪೆನ್ನು ಇಸಿದು
ಅದೇ ಚೀಟಿಯ ಮೇಲೆ ೧೨ ಹೊಡೆದು, ನಿಧಾನ, ೮ ಬರೆದು
ನನ್ನ ಕೈಗಿಟ್ಟ.
ಮುಂದಿನ ಸಲ ಇಸ್ಕೊಳ್ಳಿ.

ಸಂಜೆ ಆಚೆ ರಸ್ತೆ, ಹಾಲುಬೋರೆ ಕ್ರಾಸು.
ಕೈ ಅಡ್ಡ ಹಿಡಿದೆ. ಬಸ್ಸು ನಿಂತಿತು, ಪೂರ್ತಿ ನಿಲ್ಲಲಿಲ್ಲ.
ಬೇಗ ಹತ್ರೀ, ಎಂದ ಯಾವನೋ ಹೊಸ ಹುಡುಗ.
ನಾನು ಹತ್ತಿ, ಹಿಂದಿನ ಗಾಜಿಗೆ ಮುಖ ಮಾಡಿ ನಿಂತೆ.
ಎಲ್ಲಿಂದ?
ಒಳಗಿನಿಂದ.
ಮಿಷನ್ನು ಒತ್ತಿ ಒತ್ತಿ ನೋಡಿದ.
ಅಂಥ ಸ್ಟೇಜು ಇಲ್ಲ ಸಾರ್, ಎಂದ.